ಲಿಬ್ರೆಆಫೀಸ್‌ಗೆ ಕನ್ನಡದಿಂದ ಕೈಜೋಡಿಸುವುದು ಹೇಗೆ? ಮೊದಲ ಬಗ್ ವರದಿಯಿಂದ ಫೌಂಡೇಶನ್ನಿನ ವೋಟಿನವರೆಗೆ

ಪತ್ರ, ಲೆಕ್ಕದ ಹಾಳೆ ಮಾಡುವ ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್ ಬಳಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕನ್ನಡ ಪತ್ರ ಟೈಪ್ ಮಾಡುವಾಗ ಒತ್ತಕ್ಷರ ಎಡವಟ್ಟಾದರೆ, ಮೆನುವಿನಲ್ಲಿ ವಿಚಿತ್ರ ಕನ್ನಡ ಕಂಡರೆ, "ಫ್ರೀ ಸಾಫ್ಟ್‌ವೇರ್ ಅಲ್ವಾ, ಇಷ್ಟೇ ಬಿಡಿ" ಅಂತ ಸುಮ್ನಾಗುತ್ತಾರೆ. ಸುಮ್ನಾಗಬೇಕಿಲ್ಲ. ಈ ಸಾಫ್ಟ್‌ವೇರ್ ಹಿಂದೆ ದಿ ಡಾಕ್ಯುಮೆಂಟ್ ಫೌಂಡೇಶನ್ ಅಂತ ಒಂದು ಲಾಭರಹಿತ ಸಂಸ್ಥೆ ಇದೆ. ಅಲ್ಲಿ ದುಡ್ಡು ಕೊಟ್ಟವರಿಗೆ ವೋಟಿಲ್ಲ, ಕೆಲಸ ಮಾಡಿದವರಿಗೆ ಇದೆ. ಆ ಕೆಲಸ ಕೋಡ್ ಬರೆಯುವುದೇ ಆಗಬೇಕು ಅಂತಲೂ ಇಲ್ಲ. ಕನ್ನಡ ಚೆನ್ನಾಗಿ ಓದಿ ಬರೆಯಬಲ್ಲ, ವಾರಕ್ಕೆ ಒಂದೆರಡು ಗಂಟೆ ಬಿಡುವಿರುವ ಯಾರಾದರೂ ಅಲ್ಲಿಯವರೆಗೆ ಹೋಗಬಹುದು. ದಾರಿ ಹೇಗೆ ಅಂತ ನೋಡೋಣ.

ಸಂಸ್ಥೆಯ ಹಿನ್ನೆಲೆ ಸ್ವಲ್ಪ ತಿಳಿದಿರಲಿ

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಕೈಯಲ್ಲಿದ್ದ ಓಪನ್‌ಆಫೀಸ್ ಅನ್ನುವ ಆಫೀಸ್ ತಂತ್ರಾಂಶ, 2010ರ ಜನವರಿಯಲ್ಲಿ ಸನ್ ಜೊತೆಗೇ ಒರಾಕಲ್ ಪಾಲಾಯಿತು. ಹೊಸ ಯಜಮಾನ ಏನು ಮಾಡುತ್ತಾನೋ ಅಂತ ಅದರಲ್ಲಿ ಕೆಲಸ ಮಾಡುತ್ತಿದ್ದವರಿಗೆಲ್ಲ ಅಳುಕು ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್ 28ರಂದು ಅವರಲ್ಲಿ ಒಂದು ದೊಡ್ಡ ಗುಂಪು ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಘೋಷಿಸಿತು. ಕೋಡಿನ ಪ್ರತಿಯನ್ನು ತೆಗೆದುಕೊಂಡು ಲಿಬ್ರೆಆಫೀಸ್ ಅಂತ ಹೆಸರಿಟ್ಟರು. ಮೊದಲ ಆವೃತ್ತಿ 3.3 ಬಂದದ್ದು 2011ರ ಜನವರಿಯಲ್ಲಿ.

ಸಂಸ್ಥೆಯನ್ನು ಜರ್ಮನಿಯ ಕಾನೂನಿನಡಿ ಪ್ರತಿಷ್ಠಾನವಾಗಿ ಕಟ್ಟಬೇಕು ಅಂತ ತೀರ್ಮಾನವಾಯಿತು. ಅದಕ್ಕೆ ಮೂಲಧನವಾಗಿ 50,000 ಯೂರೊ ಬೇಕಿತ್ತು. ಜನರ ಮುಂದೆ ಕೈಚಾಚಿದರು, ಎಂಟೇ ದಿನದಲ್ಲಿ ದುಡ್ಡು ಕೂಡಿತು. 2012ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ನೋಂದಣಿಯಾಯಿತು. ಇಷ್ಟು ಕಷ್ಟಪಟ್ಟದ್ದು ಯಾಕೆ ಅಂದರೆ, ಇಂಥ ಪ್ರತಿಷ್ಠಾನವನ್ನು ಯಾರೂ ಕೊಂಡುಕೊಳ್ಳಲು ಆಗುವುದಿಲ್ಲ. ಅದಕ್ಕೆ ಮಾಲೀಕರೇ ಇರುವುದಿಲ್ಲ. ಒಮ್ಮೆ ಕಂಪನಿಯ ಕೈಯಲ್ಲಿ ಸಿಕ್ಕಿ ಅನುಭವಿಸಿದವರು ಮಾಡಿಕೊಂಡ ಭದ್ರ ಏರ್ಪಾಡು ಅದು.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಬಿಡೋಣ. ಕೋಡೆಲ್ಲ ಫೌಂಡೇಶನ್ನೇ ಬರೆಸುವುದಿಲ್ಲ. ಕೊಲಾಬೊರಾದಂಥ ಕಂಪನಿಗಳ ನೌಕರರು ದೊಡ್ಡ ಪಾಲು ಬರೆಯುತ್ತಾರೆ, ಸ್ವಯಂಸೇವಕರು ಒಂದು ಪಾಲು ಬರೆಯುತ್ತಾರೆ. ಅನುವಾದ, ಪರೀಕ್ಷೆ, ಬಳಕೆದಾರರಿಗೆ ಸಹಾಯ ಇವೆಲ್ಲ ಬಹುತೇಕ ಸ್ವಯಂಸೇವಕರದ್ದೇ. ಸರ್ವರ್, ಟ್ರೇಡ್‌ಮಾರ್ಕ್, ವಾರ್ಷಿಕ ಸಮ್ಮೇಳನ, ಒಂದು ಸಣ್ಣ ಸಂಬಳದ ತಂಡ, ಇವನ್ನು ಫೌಂಡೇಶನ್ ನೋಡಿಕೊಳ್ಳುತ್ತದೆ. ಈಚಿನ ವರ್ಷಗಳಲ್ಲಿ ಅದು ತಾನೇ ಕೆಲವು ಡೆವಲಪರ್‌ಗಳನ್ನೂ ಇಟ್ಟುಕೊಂಡಿದೆ. ಅರಬ್ಬಿ, ಭಾರತೀಯ ಭಾಷೆಗಳು, ಚೀನೀ, ಜಪಾನೀ ಲಿಪಿಗಳ ತೊಂದರೆ ಸರಿಪಡಿಸುವುದೂ ಅವರ ಕೆಲಸ. ನಮಗೆ ಬೇಕಾದ ವಿಷಯ ಇದೇ. ಕನ್ನಡದ ಬಗ್ (ತಂತ್ರಾಂಶದ ದೋಷ) ಒಂದನ್ನು ನೆಟ್ಟಗೆ ವರದಿ ಮಾಡಿದರೆ, ಅದನ್ನು ನೋಡುವುದೇ ಉದ್ಯೋಗವಾಗಿರುವವರು ಅಲ್ಲಿದ್ದಾರೆ.

ಹಂತ 1: ಕನ್ನಡಕ್ಕೆ ಸರಿಯಾಗಿ ಹೊಂದಿಸಿಕೊಳ್ಳಿ

ಹೊಸ ಆವೃತ್ತಿ ಹಾಕಿಕೊಳ್ಳಿ. ವರ್ಷಕ್ಕೆ ಎರಡು ದೊಡ್ಡ ಬಿಡುಗಡೆ, ಫೆಬ್ರವರಿಯಲ್ಲಿ ಒಂದು, ಆಗಸ್ಟ್‌ನಲ್ಲಿ ಒಂದು. 2024ರಿಂದ ಆವೃತ್ತಿಯ ಸಂಖ್ಯೆಯಲ್ಲೇ ವರ್ಷ ತಿಂಗಳು ಇರುತ್ತದೆ. 24.2 ಅಂದರೆ 2024ರ ಫೆಬ್ರವರಿಯದ್ದು. ಹಳೆಯ ಆವೃತ್ತಿಯ ದೂರು ತೆಗೆದುಕೊಂಡು ಹೋದರೆ "ಹೊಸದರಲ್ಲಿ ನೋಡಿದಿರಾ?" ಅಂತಲೇ ಮೊದಲು ಕೇಳುತ್ತಾರೆ.

ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವ ಕಡೆ ಕನ್ನಡ ಆರಿಸಿ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಲಿಬ್ರೆಆಫೀಸ್‌ನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಫಾಂಟ್, ಕನ್ನಡ ಅಕ್ಷರಕ್ಕೆ ಬೇರೆಯೇ ಒಂದು ಫಾಂಟ್. ಅಳತೆಯೂ ಬೇರೆ ಬೇರೆ. "ಸ್ಟೈಲ್‌ನಲ್ಲಿ 14 ಅಂತ ಕೊಟ್ಟೆ, ಇಂಗ್ಲಿಷ್ ದೊಡ್ಡದಾಯಿತು, ಕನ್ನಡ ಹಾಗೇ ಉಳಿಯಿತು" ಅನ್ನುವ ಗೋಳು ಬರುವುದು ಇಲ್ಲಿಂದಲೇ. ಅದು ಬಗ್ ಅಲ್ಲ. ಪ್ಯಾರಾಗ್ರಾಫ್ ಸ್ಟೈಲ್ ತೆರೆದು ಎರಡೂ ಕಡೆ ಬದಲಿಸಬೇಕು.

ಹಾಗೆಯೇ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಬರುವ ಮುಂಚೆ ಟೈಪ್ ಮಾಡಿದ ಕಡತ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೂ ಅದು ಲಿಬ್ರೆಆಫೀಸ್‌ನ ತಪ್ಪಲ್ಲ. ಆ ಕಡತದಲ್ಲಿ ಕನ್ನಡವೇ ಇಲ್ಲ, ಕನ್ನಡದ ಹಾಗೆ ಕಾಣುವ ಫಾಂಟ್ ಇತ್ತು ಅಷ್ಟೇ. ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಹಂತ 2: ಹುಡುಕಿ ಹುಡುಕಿ ಪರೀಕ್ಷಿಸಿ

ಒಂದು ಪರೀಕ್ಷಾ ಕಡತ ಮಾಡಿಟ್ಟುಕೊಳ್ಳಿ. ಅದರಲ್ಲಿ ತಂಟೆ ಕೊಡುವ ಪದಗಳನ್ನೇ ತುಂಬಿ: ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ಶಾಸ್ತ್ರಜ್ಞ, ಕೃಷ್ಣ, ಫ಼ೋನ್. ಅರ್ಕಾವತ್ತಿನ 'ಸೂರ್ಯ'ವೂ ಇರಲಿ, ಅರ್ಕಾವತ್ತಿಲ್ಲದ 'ರ‍್ಯಾಂಕ್' ಕೂಡ ಇರಲಿ. ಈ ಎರಡನೆಯದರಲ್ಲಿ ರಕಾರದ ಪಕ್ಕ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಅಡಗಿರುತ್ತದೆ. ಹುಡುಕಿ ಬದಲಿಸುವಾಗ, ಬೇರೆ ಕಡತಕ್ಕೆ ನಕಲು ಮಾಡುವಾಗ ಅದು ಉಳಿಯುತ್ತದೆಯೇ ನೋಡಿ. ಉಳಿಯದಿದ್ದರೆ ರ‍್ಯಾಂಕ್ ಹೋಗಿ ರ್ಯಾಂಕ್ ಆಗುತ್ತದೆ.

ಆಮೇಲೆ ಇದೇ ಕಡತವನ್ನು ಪಿಡಿಎಫ್ ಮಾಡಿ, ಪಿಡಿಎಫ್‌ನಲ್ಲಿ 'ರಾಷ್ಟ್ರ' ಅಂತ ಹುಡುಕಿ. ಸಿಗುತ್ತಾ? ವರ್ಡ್ ಕಡತವಾಗಿ ಉಳಿಸಿ ಮತ್ತೆ ತೆರೆಯಿರಿ. ಲೆಕ್ಕದ ಹಾಳೆಯ ಕ್ಯಾಲ್ಕ್‌ನಲ್ಲಿ ಒಂದಿಷ್ಟು ಊರ ಹೆಸರು ಹಾಕಿ ಅಕಾರಾದಿಯಾಗಿ ಜೋಡಿಸಿ. ಅನುಸ್ವಾರ ಇರುವ ಹೆಸರು ಎಲ್ಲಿ ಬಂತು ಗಮನಿಸಿ.

ಅಕ್ಷರ ಒಡೆದು ಕಂಡರೆ ತಕ್ಷಣ ದೂರು ಹಾಕಬೇಡಿ. ತಪ್ಪು ಮೂರರಲ್ಲಿ ಒಂದು ಕಡೆ ಇರಬಹುದು: ಫಾಂಟ್‌ನಲ್ಲಿ, ಅಕ್ಷರ ಜೋಡಿಸುವ ಹಾರ್ಫ್‌ಬಝ್ ಲೈಬ್ರರಿಯಲ್ಲಿ, ಅಥವಾ ಲಿಬ್ರೆಆಫೀಸ್‌ನಲ್ಲೇ. 2017ರ 5.3 ಆವೃತ್ತಿಯಿಂದ ಲಿಬ್ರೆಆಫೀಸ್ ಎಲ್ಲ ಕಂಪ್ಯೂಟರ್‌ಗಳಲ್ಲೂ ಹಾರ್ಫ್‌ಬಝ್ ಬಳಸುತ್ತಿದೆ. ಫೈರ್‌ಫಾಕ್ಸ್ ಕೂಡ ಬಳಸುವುದು ಅದನ್ನೇ. ಹಾಗಾಗಿ ಒಂದು ಸುಲಭ ಉಪಾಯ ಇದೆ. ಅದೇ ಪದವನ್ನು ಮೊದಲು ನೋಟೊ ಸಾನ್ಸ್ ಕನ್ನಡ, ಲೋಹಿತ್, ತುಂಗ ಹೀಗೆ ಬೇರೆ ಬೇರೆ ಫಾಂಟ್‌ನಲ್ಲಿ ನೋಡಿ. ಒಂದೇ ಫಾಂಟ್‌ನಲ್ಲಿ ಕೆಟ್ಟರೆ ದೂರು ಹೋಗಬೇಕಾದ್ದು ಆ ಫಾಂಟ್ ಮಾಡಿದವರಿಗೆ. ಎಲ್ಲದರಲ್ಲೂ ಕೆಟ್ಟು, ಫೈರ್‌ಫಾಕ್ಸ್‌ನಲ್ಲೂ ಕೆಟ್ಟರೆ ಹಾರ್ಫ್‌ಬಝ್ ಕಡೆ ಅನುಮಾನ. ಫೈರ್‌ಫಾಕ್ಸ್‌ನಲ್ಲಿ ಸರಿಯಿದ್ದು ಲಿಬ್ರೆಆಫೀಸ್‌ನ ಪತ್ರ ಬರೆಯುವ ರೈಟರ್‌ನಲ್ಲಿ ಮಾತ್ರ ಕೆಟ್ಟರೆ, ಹಾಂ, ಅದು ಇಲ್ಲಿಯದ್ದೇ. ಕೊನೆಯದಾಗಿ ಹೆಲ್ಪ್ ಮೆನುವಿನಿಂದ ಸೇಫ್ ಮೋಡ್‌ನಲ್ಲಿ ಮತ್ತೆ ಶುರುಮಾಡಿ ನೋಡಿ. ಆಗ ಸರಿಯಾದರೆ ನಿಮ್ಮ ಸೆಟ್ಟಿಂಗ್ ಅಥವಾ ಎಕ್ಸ್‌ಟೆನ್ಶನ್ನಿನ ಕಿತಾಪತಿ.

ಹಂತ 3: ಬಗ್ ವರದಿ ಬರೆಯಿರಿ

ಫೌಂಡೇಶನ್ನಿನ ಬಗ್ ದಾಖಲಿಸುವ ಜಾಲತಾಣ ಬಗ್‌ಜಿಲ್ಲಾದಲ್ಲಿ ಖಾತೆ ತೆರೆಯಿರಿ. ಬರೆಯುವ ಮುಂಚೆ ಇದೇ ದೂರು ಮೊದಲೇ ಇದೆಯೇ ಅಂತ ಹುಡುಕಿ. ಇಲ್ಲದಿದ್ದರೆ ಹೊಸದು ಹಾಕಿ. ಇಂಗ್ಲಿಷ್‌ನಲ್ಲೇ ಬರೆಯಬೇಕು, ಆದರೆ ಇಂಗ್ಲಿಷ್ ಹರುಕುಮುರುಕಾದರೂ ಯಾರೂ ನಗುವುದಿಲ್ಲ. ಓದುವವರಲ್ಲಿ ಮುಕ್ಕಾಲು ಮಂದಿಗೂ ಅದು ಮನೆಮಾತಲ್ಲ.

ನಮ್ಮವರು ಎಡವುವುದು ಬೇರೊಂದು ಕಡೆ. ವರದಿ ಓದುವವರಿಗೆ ಕನ್ನಡ ಬರುವುದಿಲ್ಲ. "ಇದು ತಪ್ಪಾಗಿ ಕಾಣುತ್ತಿದೆ ನೋಡಿ" ಅಂತ ಒಂದು ಚಿತ್ರ ಅಂಟಿಸಿದರೆ ಅವರಿಗೆ ಸರಿ ಯಾವುದು, ತಪ್ಪು ಯಾವುದು ಅಂತ ತಿಳಿಯುವುದೇ ಇಲ್ಲ. ನಮಗೆ ಜಾರ್ಜಿಯನ್ ಲಿಪಿ ತೋರಿಸಿದರೆ ಗೊತ್ತಾಗುತ್ತದೆಯೇ? ಹಾಗಾಗಿ ಒಂದೇ ಚಿತ್ರದಲ್ಲಿ ಎಡಗಡೆ ತಪ್ಪು ರೂಪ, ಬಲಗಡೆ ಸರಿ ರೂಪ ಇಡಿ. ಕೆಟ್ಟ ಜಾಗಕ್ಕೆ ಕೆಂಪು ಸುತ್ತು ಹಾಕಿ. "ಷಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆ ರಕಾರದ ಒತ್ತು ಬರಬೇಕು, ಇಲ್ಲಿ ರಕಾರದ ಒತ್ತು ಮುಂದಿನ ಅಕ್ಷರದ ಮೇಲೆ ಬಿದ್ದಿದೆ" ಅಂತ ಬಿಡಿಸಿ ಹೇಳಿ.

ಚಿತ್ರದ ಜೊತೆ ಮೂಲ ಕಡತವನ್ನೂ ಲಗತ್ತಿಸಿ. ಕಾಣದ ಚಿಹ್ನೆಗಳು ಚಿತ್ರದಲ್ಲಿ ಬರುವುದಿಲ್ಲ, ಕಡತದಲ್ಲಿ ಬರುತ್ತವೆ. ಆದರೆ ಹುಷಾರು. ಬಗ್‌ಜಿಲ್ಲಾದಲ್ಲಿ ಹಾಕಿದ್ದನ್ನು ಇಡೀ ಜಗತ್ತು ಓದಬಹುದು. ಆಫೀಸಿನ ಪತ್ರ, ಆಧಾರ್ ನಂಬರ್ ಇರುವ ಪಟ್ಟಿ ಯಾವುದನ್ನೂ ಹಾಕಬೇಡಿ. ಎರಡು ಸಾಲಿನ ಹೊಸ ಕಡತದಲ್ಲಿ ಅದೇ ತೊಂದರೆ ತೋರಿಸಿ. ಕಡತದ ಪ್ರಾಪರ್ಟೀಸ್‌ನಲ್ಲಿ ನಿಮ್ಮ ಹೆಸರು ಕೂತಿರುತ್ತದೆ, ಬೇಡವೆಂದರೆ ಅದನ್ನೂ ಅಳಿಸಿ.

ಉಳಿದದ್ದು ಕ್ರಮಬದ್ಧ: ಏನು ಮಾಡಿದಿರಿ, ಏನಾಯಿತು, ಏನಾಗಬೇಕಿತ್ತು. ಹೆಲ್ಪ್ ಮೆನುವಿನ ಅಬೌಟ್ ಕಿಟಕಿಯಲ್ಲಿ ಆವೃತ್ತಿಯ ವಿವರ ನಕಲು ಮಾಡುವ ಗುಂಡಿ ಇದೆ, ಅದನ್ನು ಒತ್ತಿ ಹಾಗೇ ಅಂಟಿಸಿ. ಹಿಂದಿನ ಯಾವುದಾದರೂ ಆವೃತ್ತಿಯಲ್ಲಿ ಸರಿಯಿತ್ತು ಅಂತ ಖಚಿತವಾಗಿ ಹೇಳಬಲ್ಲಿರಾದರೆ ಬಂಗಾರದಂಥ ಮಾಹಿತಿ. ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ಅವರು ಬೆನ್ನುಹತ್ತಿ ಹುಡುಕುತ್ತಾರೆ.

ಒಂದು ವಾರದಲ್ಲಿ ಸರಿಯಾಗಿಬಿಡುತ್ತದೆ ಅಂತ ಕಾಯಬೇಡಿ. ಕೆಲವು ಬೇಗ ಆಗುತ್ತವೆ. ಕೆಲವು ವರ್ಷಗಟ್ಟಲೆ ಕೂತಿರುತ್ತವೆ.

ಹಂತ 4: ಬೇರೆಯವರ ವರದಿ ನೋಡಿ

ಹೊಸ ವರದಿ ಮೊದಲು 'ಖಚಿತವಾಗಿಲ್ಲ' ಅನ್ನುವ ಸ್ಥಿತಿಯಲ್ಲಿರುತ್ತದೆ. ಇನ್ನೊಬ್ಬರು ಅದನ್ನು ತಮ್ಮ ಕಂಪ್ಯೂಟರ್‌ನಲ್ಲಿ ಮಾಡಿ ನೋಡಿ "ಹೌದು, ನನಗೂ ಹೀಗೇ" ಅಂದ ಮೇಲೆಯೇ ಮುಂದೆ ಹೋಗುವುದು. ಕನ್ನಡದ ವರದಿಯನ್ನು ಖಚಿತಪಡಿಸಲು ಕನ್ನಡ ಬಲ್ಲವರೇ ಬೇಕು, ಅಂಥವರು ಅಲ್ಲಿ ತೀರಾ ಕಡಿಮೆ. ಬಗ್‌ಜಿಲ್ಲಾದಲ್ಲಿ ಕನ್ನಡ, ಇಂಡಿಕ್ ಅಂತ ಹುಡುಕಿ ಹಳೆಯ ವರದಿಗಳನ್ನು ತೆಗೆಯಿರಿ. ಈಗಿನ ಆವೃತ್ತಿಯಲ್ಲಿ ಮಾಡಿ ನೋಡಿ. ಸರಿಯಾಗಿದ್ದರೆ ಹಾಗೆ ಬರೆಯಿರಿ, ವರದಿ ಮುಚ್ಚುತ್ತಾರೆ. ಇನ್ನೂ ಕೆಟ್ಟಿದ್ದರೆ ಹೊಸ ಆವೃತ್ತಿಯ ಸಂಖ್ಯೆ ಸೇರಿಸಿ. ನಿಮ್ಮ ವರದಿಯನ್ನು ನೀವೇ ಖಚಿತಪಡಿಸಿಕೊಳ್ಳುವ ಹಾಗಿಲ್ಲ, ಅದಕ್ಕೇ ಇಬ್ಬರು ಮೂವರು ಸ್ನೇಹಿತರು ಒಟ್ಟಿಗೆ ಇಳಿದರೆ ಕೆಲಸ ಸಲೀಸು.

ಕೋಡ್ ಬರದವರಿಗೆ ಇದರಷ್ಟು ಉಪಯೋಗದ ಕೆಲಸ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಎಲ್ಲರೂ ಅನುವಾದಕ್ಕೆ ನುಗ್ಗುತ್ತಾರೆ. ಇಲ್ಲಿ ಯಾರೂ ಇರುವುದಿಲ್ಲ.

ಹಂತ 5: ಅನುವಾದ

ಲಿಬ್ರೆಆಫೀಸ್‌ನ ಅನುವಾದ ನಡೆಯುವುದು ವೆಬ್ಲೇಟ್ ಅನ್ನುವ ಜಾಲತಾಣದಲ್ಲಿ. ಖಾತೆ ತೆರೆದು ಕನ್ನಡ ಆರಿಸಿದರೆ ಎರಡು ದೊಡ್ಡ ರಾಶಿ ಕಾಣುತ್ತದೆ: ಮೆನು, ಗುಂಡಿ, ಸಂದೇಶಗಳದ್ದು ಒಂದು, ಸಹಾಯ ಪುಟಗಳದ್ದು ಇನ್ನೊಂದು. ಸಹಾಯ ಪುಟಗಳ ರಾಶಿ ಸಮುದ್ರ, ಸದ್ಯಕ್ಕೆ ಬಿಟ್ಟುಬಿಡಿ. ಶುರುವಿನಲ್ಲಿ ಸಲಹೆ ರೂಪದಲ್ಲಿ ಅನುವಾದ ಸೇರಿಸಿ. ಕೈ ಕುದುರಿದ ಮೇಲೆ ಸ್ಥಳೀಕರಣ ತಂಡದ ಮೇಲಿಂಗ್ ಲಿಸ್ಟ್‌ಗೆ ಬರೆದು ನೇರವಾಗಿ ಉಳಿಸುವ ಅನುಮತಿ ಕೇಳಿ.

ಒಂದು ಸಾಲು ಮುಟ್ಟುವ ಮುಂಚೆ ಹಿಂದಿನವರು ಮಾಡಿದ್ದನ್ನು ಓದಿ. ಕನ್ನಡ ಅನುವಾದ ಮೊದಲೇ ಸಾಕಷ್ಟು ಇದೆ. ಅಲ್ಲಿ 'ಕಡತ' ಇದ್ದರೆ ನೀವೊಬ್ಬರೇ 'ಫೈಲ್' ಅಂತ ಬರೆಯಬೇಡಿ. ನಿಮಗೆ ಇಷ್ಟವಿಲ್ಲದಿದ್ದರೆ ಚರ್ಚೆಗೆ ಹಾಕಿ, ಒಪ್ಪಿದರೆ ಎಲ್ಲ ಕಡೆ ಒಟ್ಟಿಗೆ ಬದಲಿಸಿ. ಒಂದು ಮೆನುವಿನಲ್ಲಿ ಒಂದು ಪದ, ಪಕ್ಕದ ಮೆನುವಿನಲ್ಲಿ ಇನ್ನೊಂದು ಪದ ಇದ್ದರೆ ಬಳಸುವವರು ಕನ್ನಡದ ಸಹವಾಸವೇ ಬೇಡ ಅಂತ ಇಂಗ್ಲಿಷ್‌ಗೆ ವಾಪಸ್ ಹೋಗುತ್ತಾರೆ.

ಇನ್ನು ಕೈಯಲ್ಲಿ ಮಾಡುವಾಗ ಬರುವ ತೊಡಕುಗಳು. ಸಂದೇಶಗಳಲ್ಲಿ %1, %2 ಅಂತ ಗುರುತುಗಳಿರುತ್ತವೆ. ತಂತ್ರಾಂಶ ಓಡುವಾಗ ಅಲ್ಲಿ ಕಡತದ ಹೆಸರೋ ಸಂಖ್ಯೆಯೋ ಬಂದು ಕೂರುತ್ತದೆ. ಅವನ್ನು ಅಳಿಸಬಾರದು, ಆದರೆ ಜಾಗ ಬದಲಿಸಬಹುದು, ಬದಲಿಸಲೇಬೇಕಾಗುತ್ತದೆ. ಇಂಗ್ಲಿಷ್‌ನಲ್ಲಿ %1 ಮೊದಲು, %2 ಆಮೇಲೆ ಇರುವ ಪುಟಸಂಖ್ಯೆಯ ಸಾಲು ಕನ್ನಡದಲ್ಲಿ "%2 ಪುಟಗಳಲ್ಲಿ %1ನೆಯದು" ಆಗುತ್ತದೆ. ಅನುಕ್ರಮ ತಿರುಗಿತು, ಅದೇ ಸರಿ.

ವಿಭಕ್ತಿಯದ್ದು ಇನ್ನೂ ದೊಡ್ಡ ತಲೆನೋವು. "%1ಅನ್ನು ಅಳಿಸಬೇಕೆ?" ಅಂತ ಬರೆದಿರಿ ಅನ್ನಿ. ಕಡತದ ಹೆಸರು 'ವರದಿ' ಆಗಿದ್ದರೆ ತೆರೆಯ ಮೇಲೆ "ವರದಿಅನ್ನು ಅಳಿಸಬೇಕೆ?" ಅಂತ ಬರುತ್ತದೆ. 'ಲೆಕ್ಕ' ಆಗಿದ್ದರೆ "ಲೆಕ್ಕಅನ್ನು". ಒಂದಕ್ಕೆ ಯಕಾರ ಬೇಕು, ಇನ್ನೊಂದಕ್ಕೆ ವಕಾರ ಬೇಕು, ಕಂಪ್ಯೂಟರ್‌ಗೆ ಅದು ಗೊತ್ತಿಲ್ಲ. ಇದಕ್ಕೆ ಮದ್ದು, ಪ್ರತ್ಯಯವನ್ನು ಗುರುತಿಗೆ ಅಂಟಿಸದೆ ಪಕ್ಕದ ಪದಕ್ಕೆ ಕೊಡುವುದು: "%1 ಎಂಬ ಕಡತವನ್ನು ಅಳಿಸಬೇಕೆ?" ಈಗ ಯಾವ ಹೆಸರು ಬಂದರೂ ವಾಕ್ಯ ಕೆಡುವುದಿಲ್ಲ. ಹಳೆಯ ಅನುವಾದಗಳಲ್ಲಿ ಇಂಥವು ಕಂಡರೆ ಹೆಕ್ಕಿ ಹೆಕ್ಕಿ ಸರಿಮಾಡಿ, ಹೊಸ ನೂರು ಸಾಲಿಗಿಂತ ಅದು ಮೇಲು.

ಪದಗಳ ಒಳಗೆ ~ ಅಥವಾ _ ಗುರುತು ಇದ್ದರೆ ಅದು ಕೀಲಿಮಣೆಯ ಶಾರ್ಟ್‌ಕಟ್‌ಗೆ. ಅದನ್ನು ಇಂಗ್ಲಿಷ್‌ನ ಜಾಗದಲ್ಲೇ ತಂದಿಟ್ಟು ಕನ್ನಡದ ಒತ್ತಕ್ಷರವನ್ನು ಸೀಳಬೇಡಿ. ಪಕ್ಕದ ಸಾಲುಗಳಲ್ಲಿ ಯಾವ ಪದ್ಧತಿ ಇದೆ ನೋಡಿ ಅದನ್ನೇ ಅನುಸರಿಸಿ. ಗುರುತು ಬಿಟ್ಟುಹೋದರೆ ವೆಬ್ಲೇಟ್ ಎಚ್ಚರಿಸುತ್ತದೆ, ಆ ಎಚ್ಚರಿಕೆಗಳನ್ನು ಕಡೆಗಣಿಸಬೇಡಿ.

ಕಾಲೇಜುಗಳಲ್ಲಿ ಒಂದು ದಿನದ ಅನುವಾದ ಶಿಬಿರ ಮಾಡುವವರಿಗೆ ಒಂದು ಮಾತು. ಮೂವತ್ತು ಹುಡುಗರು ಒಂದೇ ಮಧ್ಯಾಹ್ನ ಸಾವಿರ ಸಾಲು ತುಂಬಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ. ಆ ಸಾವಿರ ಸಾಲನ್ನು ತಿದ್ದುವವರು ಯಾರು? ಸಲಹೆಯಾಗಿ ಮಾತ್ರ ಉಳಿಸಲು ಹೇಳಿ, ಇಬ್ಬರನ್ನು ಪರಿಶೀಲನೆಗೇ ಕೂರಿಸಿ.

ಹಂತ 6: ಕೋಡ್ ಬರೆಯುವವರಿಗೆ

ಸಿ++ ಗೊತ್ತಿದ್ದರೆ ಬಗ್‌ಜಿಲ್ಲಾದಲ್ಲಿ 'ಈಜಿ ಹ್ಯಾಕ್' ಅಂತ ಗುರುತು ಹಾಕಿದ ಕೆಲಸಗಳಿವೆ, ಹೊಸಬರಿಗೆಂದೇ ಎತ್ತಿಟ್ಟದ್ದು. ಮೊದಲ ಸಲ ಇಡೀ ಲಿಬ್ರೆಆಫೀಸ್ ಬಿಲ್ಡ್ ಮಾಡಲು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಗಂಟೆಗಟ್ಟಲೆ ಬೇಕು, ಡಿಸ್ಕ್ ಜಾಗವೂ ಧಾರಾಳವಾಗಿ ಬೇಕು. ರಾತ್ರಿ ಮಲಗುವಾಗ ಶುರುಮಾಡಿ. ಬದಲಾವಣೆ ಕಳಿಸುವುದು ಗೆರಿಟ್ ಅನ್ನುವ ಕೋಡ್ ಪರಿಶೀಲನೆಯ ತಾಣದ ಮೂಲಕ. ಯಂತ್ರ ಮೊದಲು ಪರೀಕ್ಷಿಸುತ್ತದೆ, ಆಮೇಲೆ ಹಿರಿಯರು ಓದುತ್ತಾರೆ. ಮೊದಲ ಸಲ ಕಳಿಸುವಾಗ, ನಿಮ್ಮ ಕೊಡುಗೆ ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ ಮತ್ತು ಎಲ್‌ಜಿಪಿಎಲ್ ಎಂಬ ಎರಡು ಮುಕ್ತ ಪರವಾನಗಿಗಳಡಿಯೂ ಬಳಕೆಗೆ ಸಿಗುತ್ತದೆ ಅಂತ ಒಂದು ಮೇಲ್ ಬರೆಯಬೇಕು. ಹಕ್ಕುಸ್ವಾಮ್ಯ ನಿಮ್ಮಲ್ಲೇ ಉಳಿಯುತ್ತದೆ. ನೌಕರಿಯಲ್ಲಿದ್ದರೆ ಕಂಪನಿಯ ಕರಾರು ಪತ್ರ ಒಮ್ಮೆ ಓದಿಕೊಳ್ಳಿ. ಬಿಡುವಿನಲ್ಲಿ ಬರೆದದ್ದೂ ತಮ್ಮದೇ ಅನ್ನುವ ಷರತ್ತು ಕೆಲವು ಕಡೆ ಇರುತ್ತದೆ.

ದುಡ್ಡು ಕೊಡಬೇಕೆ?

ಕೊಡಬಹುದು. ಸಂಸ್ಥೆಯ ಆದಾಯದ ಬಹುಪಾಲು ಡೌನ್‌ಲೋಡ್ ಮಾಡಿಕೊಳ್ಳುವವರು ಕೊಡುವ ಸಣ್ಣ ಸಣ್ಣ ದೇಣಿಗೆಯೇ. ಆದರೆ ಅದು ಜರ್ಮನಿಯ ಸಂಸ್ಥೆ. ಇಲ್ಲಿಂದ ಕೊಟ್ಟರೆ 80ಜಿ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಬ್ಯಾಂಕು ವಿದೇಶಿ ಕರೆನ್ಸಿಯ ಶುಲ್ಕ ಬೇರೆ ಹಿಡಿಯುತ್ತದೆ. ವಿದ್ಯಾರ್ಥಿಗಳು ಕೈಯಿಂದ ಹಾಕಬೇಕಿಲ್ಲ. ಲಿಬ್ರೆಆಫೀಸ್ ಹಾಕಿಕೊಂಡು ಲೈಸೆನ್ಸ್ ದುಡ್ಡು ಉಳಿಸಿದ ಶಾಲೆ, ಕಚೇರಿ, ಡಿಟಿಪಿ ಅಂಗಡಿಯವರು ಯೋಚಿಸಬಹುದು. ಕೊಟ್ಟರೂ ವೋಟು ಬರುವುದಿಲ್ಲ ಅನ್ನುವುದು ನೆನಪಿರಲಿ.

ಹಂತ 7: ಸದಸ್ಯತ್ವಕ್ಕೆ ಅರ್ಜಿ

ಕನಿಷ್ಠ ಮೂರು ತಿಂಗಳು ಕೆಲಸ ಮಾಡಿರಬೇಕು, ಇನ್ನು ಆರು ತಿಂಗಳಾದರೂ ಮುಂದುವರಿಸುವ ಮನಸ್ಸಿರಬೇಕು. ನಿಯಮ ಇಷ್ಟೇ. ಕೋಡ್, ಅನುವಾದ, ಪರೀಕ್ಷೆ, ದಸ್ತಾವೇಜು, ಪ್ರಚಾರ ಯಾವುದಾದರೂ ಆದೀತು. ಆನ್‌ಲೈನ್ ಅರ್ಜಿ ತುಂಬಿದರೆ ಸದಸ್ಯತ್ವ ಸಮಿತಿ ನೋಡುತ್ತದೆ. ಆ ಸಮಿತಿಯೂ ಸದಸ್ಯರೇ ಆರಿಸಿದ್ದು.

ಅರ್ಜಿಯಲ್ಲಿ "ನಾನು ಮುಕ್ತ ತಂತ್ರಾಂಶದ ಅಭಿಮಾನಿ" ಅಂತ ಪುಟ ತುಂಬಿಸಬೇಡಿ. ಸಮಿತಿಗೆ ಬೇಕಾದ್ದು ಕೆಲಸದ ಗುರುತು: ವರದಿ ಮಾಡಿದ ಬಗ್‌ಗಳ ಸಂಖ್ಯೆ, ಖಚಿತಪಡಿಸಿದವು, ವೆಬ್ಲೇಟ್‌ನ ಪುಟ, ನಿಮ್ಮ ಕೆಲಸ ನೋಡಿರುವ ಒಬ್ಬಿಬ್ಬರ ಹೆಸರು. ಅದಕ್ಕೇ ಮೊದಲ ದಿನದಿಂದ ಎಲ್ಲ ಕಡೆ ಒಂದೇ ಬಳಕೆದಾರ ಹೆಸರು ಇಟ್ಟುಕೊಳ್ಳಿ. ಸದಸ್ಯರ ಹೆಸರು ಸಾರ್ವಜನಿಕ ಪಟ್ಟಿಯಲ್ಲಿ ಇರುತ್ತದೆ, ಅದೂ ಗೊತ್ತಿರಲಿ.

ಸದಸ್ಯರಾದರೆ ಸಂಬಳವಿಲ್ಲ, ಪದವಿಯಿಲ್ಲ. ನಿರ್ದೇಶಕ ಮಂಡಳಿಯ ಏಳು ಜನರನ್ನು ಎರಡು ವರ್ಷಕ್ಕೊಮ್ಮೆ ಆರಿಸುವ ಹಕ್ಕಿದೆ, ನೀವೇ ನಿಲ್ಲುವ ಹಕ್ಕೂ ಇದೆ. ಒಂದೇ ಕಂಪನಿಯವರು ಮಂಡಳಿ ತುಂಬಿಕೊಳ್ಳದ ಹಾಗೆ ಕಟ್ಟಳೆ ಇದೆ. ಅಲ್ಲಿ ಜಗಳವೇ ಇಲ್ಲ ಅಂದುಕೊಳ್ಳಬೇಡಿ. ಕಂಪನಿಗಳ ಲೆಕ್ಕಾಚಾರಕ್ಕೂ ಸ್ವಯಂಸೇವಕರ ಆಸೆಗೂ ತಿಕ್ಕಾಟ ಇದ್ದೇ ಇದೆ. 2020ರಲ್ಲಿ ಬ್ರೌಸರ್‌ನಲ್ಲಿ ಓಡುವ ಲಿಬ್ರೆಆಫೀಸ್ ಆನ್‌ಲೈನ್‌ನಲ್ಲಿ ಹೆಚ್ಚು ಕೆಲಸ ಮಾಡುತ್ತಿದ್ದ ಕೊಲಾಬೊರಾ, ಆ ಕೆಲಸವನ್ನು ತನ್ನದೇ ಹೆಸರಿನಡಿ ಬೇರೆ ಜಾಗಕ್ಕೆ ಒಯ್ದಿತು. ಸರಿಯೋ ತಪ್ಪೋ ಅಂತ ವಾದ ಬಹಳ ದಿನ ನಡೆಯಿತು. ಮಂಡಳಿಯ ಸಭೆಗಳ ನಡಾವಳಿ ಪ್ರಕಟವಾಗುತ್ತದೆ. ವೋಟು ಹಾಕುವ ಮುಂಚೆ ಕಳೆದ ಕೆಲವು ತಿಂಗಳದ್ದಾದರೂ ಓದಿ, ಯಾರು ಯಾವ ಕಡೆ ಅಂತ ಅಂದಾಜು ಸಿಗುತ್ತದೆ.

ಆಫೀಸ್ ತಂತ್ರಾಂಶ ನಿಮಗೆ ಹಿಡಿಸದಿದ್ದರೆ ಬೇರೆ ಮನೆಗಳೂ ಇವೆ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ 1999ರಿಂದ ಇದೆ. ಡೆಬಿಯನ್ ಲಿನಕ್ಸ್‌ನ ಹಣಕಾಸು ನೋಡಿಕೊಳ್ಳುವ ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್ 1997ರದ್ದು. ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ಗೆ ಆಸರೆಯಾಗಿರುವುದು ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ. ಒಂದೊಂದರ ನಿಯಮ ಒಂದೊಂದು ಥರ. ಮೊದಲ ಮೂರು ನಾಲ್ಕು ಹಂತ ಮಾತ್ರ ಹೆಚ್ಚುಕಮ್ಮಿ ಎಲ್ಲೆಡೆ ಹೀಗೇ.

ಕೊನೆಯದಾಗಿ, ಸದಸ್ಯತ್ವ ಒಂದು ವರ್ಷದ್ದು. ಅವಧಿ ಮುಗಿಯುವ ಹೊತ್ತಿಗೆ ನವೀಕರಣದ ಮೇಲ್ ಬರುತ್ತದೆ, ಈಚೆಗೆ ಏನೇನು ಮಾಡಿದಿರಿ ಅಂತ ಕೇಳುತ್ತಾರೆ. ಸ್ಪ್ಯಾಮ್ ಫೋಲ್ಡರ್ ನೋಡುತ್ತಿರಿ. ಮಾಡಿದ ಕೆಲಸದ ಪಟ್ಟಿಯನ್ನು ಒಂದು ಕ್ಯಾಲ್ಕ್ ಹಾಳೆಯಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಂಡಿದ್ದರೆ ಉತ್ತರ ಬರೆಯಲು ಐದು ನಿಮಿಷ ಸಾಕು.